ಕಂಬದಕಟ್ಟೆ ತೂಬಿನ ಜಾಗಟೆ

೧೯೭೮ನೇ ಇಸವಿ. ಪುಷ್ಯ ಬಹುಳ ತದಿಗೆ, ಶುಕ್ರವಾರ. ಹೊತ್ತು ಇನ್ನೂ ಮೂಡಿರಲಿಲ್ಲ. ಸೂಳೆಕೆರೆಯ ಕಡೆಯಿಂದ ಬೀಸುತ್ತಿದ್ದ ಗಾಳಿಗೆ ಹಲ್ಲು ಕಟಕಟ ಅನ್ನುತ್ತಿದ್ದವು.

ಕಂಬದಕಟ್ಟೆಯ ಕೆರೆ ಏರಿಯ ಮೇಲೆ ನಲವತ್ತು ಮಂದಿ ರೈತರು ಕಂಬಳಿ ಹೊದ್ದು ನಿಂತಿದ್ದರು. ಬೇಸಿಗೆ ಭತ್ತಕ್ಕೆ ಅಂದು ಮೊದಲ ನೀರು. ಆ ಊರಲ್ಲಿ ಜಾಗಟೆ ಬಾರಿಸದೆ ತೂಬು ಎತ್ತುವಂತಿಲ್ಲ. ಬಾರಿಸುವವನು ನೀರುಗಂಟಿ ಸಣ್ಣಪ್ಪ. ಕೆರೆ ನೀರನ್ನು ಸರದಿ ಪ್ರಕಾರ ಗದ್ದೆಗಳಿಗೆ ಬಿಡುವುದು ಅವನ ಮನೆತನದ ಕೆಲಸ. ಅಜ್ಜ ಮಾಡಿದ್ದ, ಅಪ್ಪ ಮಾಡಿದ್ದ, ಅರವತ್ತು ದಾಟಿದ ಇವನೂ ಮಾಡುತ್ತಿದ್ದ. ಸುಗ್ಗಿಯಲ್ಲಿ ಮನೆಗಿಷ್ಟು ಭತ್ತ ಆಯ ಕೊಡುತ್ತಿದ್ದರು. ಅದರಲ್ಲೇ ಅವನ ಬಾಳು.

ಸಣ್ಣಪ್ಪ ಕೆರೆಗೆ ಕೈ ಮುಗಿದ. ಕಲ್ಲುಗಂಬಕ್ಕೆ ತೂಗುಬಿಟ್ಟ ಜಾಗಟೆಗೆ ಕೊಡತಿ ಎತ್ತಿ ಬಾರಿಸಿದ.

ಢಣ್ ಅನ್ನಬೇಕಾದದ್ದು ಚಟ್ ಅಂದಿತು.

ಐದು ಚೂರಾಗಿ ಕಲ್ಲಿನ ಮೇಲೆ ಉದುರಿತು. ಮೂರು ತಲೆಮಾರು ಏಟು ತಿಂದರೂ ಏನೂ ಆಗದ ಜಾಗಟೆ ಅದು. ಒಬ್ಬ ಬಗ್ಗಿ ಚೂರೊಂದನ್ನು ಎತ್ತಿಕೊಂಡ. ಅಂಚನ್ನು ಸವರಿ ನೋಡಿದ.

"ಚುಕ್ಕಿ ಎಲ್ಲಿ?" ಅಂದ.

ಜಾಗಟೆಯ ಅಂಚಿನಲ್ಲಿ ಎಂಟು ಚುಕ್ಕಿ ಕುಟ್ಟಿದ್ದರು, ಹಳಬರು. ಮೂರು ಒಂದು ಕಡೆ, ಸ್ವಲ್ಪ ಬಿಟ್ಟು ಐದು. ಮೇಲಿನ ಬಯಲಿಗೆ ಮೂರು ದಿನ ನೀರು, ಕೆಳಗಿನ ಬಯಲಿಗೆ ಐದು ದಿನ. ಕಾಗದ ಪತ್ರ ಇಲ್ಲದ ಊರಿನಲ್ಲಿ ಅದೇ ದಾಖಲೆ. ಈಗ ಐದೂ ಚೂರು ಹುಡುಕಿದರೂ ಒಂದು ಚುಕ್ಕಿ ಇಲ್ಲ.

ಪಂಚಾಯ್ತಿ ಛೇರ್ಮನ್ ಕಲ್ಲೇಶಪ್ಪ ಮುಂದೆ ಬಂದ. ಮೇಲಿನ ಬಯಲಿನಲ್ಲಿ ಅರ್ಧಕ್ಕರ್ಧ ಅವನದೇ ಗದ್ದೆ.

"ಇದು ನಮ್ಮ ಜಾಗಟೆ ಅಲ್ಲ. ಬದಲಿ ಇಟ್ಟಾರೆ," ಅಂದ. ಹಾಗೇ ಸಣ್ಣಪ್ಪನ ಕಡೆ ತಿರುಗಿದ. "ಲೇ ಸಣ್ಣ, ಅಸಲಿ ಯಾರಿಗೆ ಮಾರಿದ್ಯೋ?"

* * *

ಹೊರಠಾಣೆಯ ದಫೇದಾರ ನಾಗೇಂದ್ರಪ್ಪ ಸೈಕಲ್ಲು ತುಳಿದುಕೊಂಡು ಬರುವಷ್ಟರಲ್ಲಿ ಹತ್ತು ಗಂಟೆ. ಬಂದವನು ಛೇರ್ಮನ್ನರ ಮನೆಯಲ್ಲಿ ಕಾಫಿ ಕುಡಿದ, ಹೇಳಿದ್ದನ್ನು ಬರೆದುಕೊಂಡ, ರುಜು ಹಾಕಿಸಿದ. ಆಮೇಲೆ ಏರಿಗೆ ಬಂದು ಸಣ್ಣಪ್ಪನ ಮುಂದೆ ನಿಂತ.

"ಹೋದ ವಾರ ಎರಡು ದಿನ ಊರಾಗಿರಲಿಲ್ವಂತೆ. ಎಲ್ಲಿಗೆ ಹೋಗಿದ್ದೆ?"

"ನ್ಯಾಮತಿಗೆ ಸ್ವಾಮಿ. ಅಕ್ಕನ ಗಂಡ ತೀರ್ಕೊಂಡಿದ್ದ. ಮೂರನೇ ದಿನದ ಕಾರ್ಯ ಇತ್ತು."

"ನ್ಯಾಮತಿಯಾಗೆ ಪಾತ್ರೆ ಅಂಗಡಿ ಎಷ್ಟದಾವೆ?"

"ನಾನೆಂದೂ ಎಣಿಸಿಲ್ಲ ಸ್ವಾಮಿ."

ಸುತ್ತ ನಿಂತವರಲ್ಲಿ ಯಾರೋ ಕಿಸಕ್ಕೆಂದರು. ಸಣ್ಣಪ್ಪ ನಗಿಸಲು ಹೇಳಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದ, ಅಷ್ಟೆ. ನಾಗೇಂದ್ರಪ್ಪನಿಗೆ ಮಾತ್ರ ನಲವತ್ತು ಮಂದಿಯ ಮುಂದೆ ತಲೆಯ ಮೇಲಿನ ಟೊಪ್ಪಿಗೆ ಕಿತ್ತುಕೊಂಡ ಹಾಗಾಯಿತು. ಲಾಠಿ ಬೀಸಿದ. ತಡೆಯಲು ಸಣ್ಣಪ್ಪ ಬಲಗೈ ಅಡ್ಡ ಹಿಡಿದ.

ಆ ಸದ್ದೂ ಚಟ್ ಎಂದೇ ಇತ್ತು.

ಸಣ್ಣಪ್ಪನನ್ನು ಠಾಣೆಗೆ ಕರೆದೊಯ್ದು ದಫೇದಾರ ಬರೆದ: "ತೂಬಿನ ಮೆಟ್ಟಿಲಲ್ಲಿ ಜಾರಿ ಬಿದ್ದು ಆರೋಪಿಯ ಬಲಗೈಯ ಎರಡು ಬೆರಳು ಮುರಿದಿವೆ." ಅಂಥ ಸಾಲು ಅವನು ಹಿಂದೆಯೂ ಬರೆದಿದ್ದ.

ಸಂಜೆ ಸಣ್ಣಪ್ಪನ ಹೆಂಡತಿ ಓಬವ್ವ ಬುತ್ತಿ ತಂದಳು. ಮುದ್ದೆ, ಹುರುಳಿ ಸಾರು. ಸರಳಿನ ಆಚೆ ಕುಳಿತ ಗಂಡನನ್ನು ನೋಡಿದಳು. ಅರಿಶಿನ ಮೆತ್ತಿದ ಬಟ್ಟೆಯೊಳಗೆ ಅವನ ಕೈ ಬದನೆಕಾಯಿಯಂತೆ ಊದಿತ್ತು. ಅವಳು ಅಳಲಿಲ್ಲ, ಬೈಯಲಿಲ್ಲ.

"ಉಣ್ಣಾಕೆ ಕೈ ಬರಾದಿಲ್ಲ. ನಾನೇ ತಿನ್ನುಸ್ಲಾ ಸ್ವಾಮಿ? ಅದಕ್ಕೂ ಅಪ್ಪಣೆ ಬೇಕೇನೋ," ಅಂದಳು.

ನಾಗೇಂದ್ರಪ್ಪ ಬಾಗಿಲು ತೆಗೆದುಕೊಟ್ಟ. ಮುರಿದ ಮುದ್ದೆಯನ್ನು ಅವಳು ತುತ್ತು ಮಾಡಿ ಗಂಡನ ಬಾಯಿಗೆ ಇಡುತ್ತಿದ್ದಳು. ಅರವತ್ತು ದಾಟಿದ ಮನುಷ್ಯ ಕೂಸಿನ ಹಾಗೆ ಬಾಯಿ ತೆರೆಯುತ್ತಿದ್ದ. ದಫೇದಾರ ಹೊರಗೆ ಬಂದು ಬೀಡಿ ಹಚ್ಚಿದ. ಒಂದು ದಮ್ಮೂ ಎಳೆಯಲಾಗಲಿಲ್ಲ.

* * *

ಶನಿವಾರ ನಾಗೇಂದ್ರಪ್ಪ ನ್ಯಾಮತಿಗೆ ಹೋದ. ಚೂರುಗಳು ಚೀಲದಲ್ಲಿದ್ದವು.

ಸಣ್ಣಪ್ಪನ ಅಕ್ಕನ ಮನೆಯಲ್ಲಿ ಇನ್ನೂ ಸೂತಕ. ಎರಡು ದಿನವೂ ಸಣ್ಣಪ್ಪ ಹಟ್ಟಿ ಬಿಟ್ಟು ಕದಲಲಿಲ್ಲವೆಂದು ಹತ್ತು ಜನ ಹೇಳಿದರು. ತಂದದ್ದು ಹೆಗಲ ಮೇಲಿನ ಒಂದು ಕಂಬಳಿ. ಜಾಗಟೆ ಬಚ್ಚಿಡುವಂಥ ಗಂಟು ಮೂಟೆ ಯಾವುದೂ ಇರಲಿಲ್ಲ.

ಊರಲ್ಲಿದ್ದದ್ದು ಎರಡೇ ಪಾತ್ರೆ ಅಂಗಡಿ. ಮೊದಲನೆಯವನು ಏನೂ ಕೊಂಡಿಲ್ಲವೆಂದ. ಎರಡನೆಯವನು ಮುರುಗೇಶಪ್ಪ, ತೂಕ ಹಾಕಿ ಹಾಕಿ ಹೆಗಲು ವಾಲಿದ ಮನುಷ್ಯ. ಚೂರನ್ನು ಒರೆಗಲ್ಲಿಗೆ ಉಜ್ಜಿದ, ಮೂಗಿಗೆ ಹಿಡಿದ.

"ದಫೇದಾರ್ರೆ, ಇದು ನಕಲಿ ಅಂದೋರು ಯಾರು?"

"ಊರೇ ಅಂತೈತೆ."

"ಊರಿಗೇನು ಗೊತ್ತು? ಅಪ್ಪಟ ಕಂಚು ಇದು. ತಾಮ್ರ, ತವರ, ಎರಡೂ ಲೆಕ್ಕಕ್ಕೆ ಸರಿಯಾಗಿ ಬಿದ್ದಾವೆ. ಬದಲಿ ಇಡೋ ಕಳ್ಳ ತಗಡು ಇಡ್ತಾನೆ, ಹಿತ್ತಾಳೆ ಇಡ್ತಾನೆ. ಕದ್ದಿದ್ರಷ್ಟೇ ಬೆಲೆಯ ಮಾಲು ಇಟ್ಟು ಹೋಗಾಕೆ ಅವನೇನು ದಾನಶೂರನಾ?"

ನಾಗೇಂದ್ರಪ್ಪ ಚೂರನ್ನು ಚೀಲಕ್ಕೆ ಹಾಕಿಕೊಂಡ. ಕಳ್ಳತನವೇ ಆಗಿಲ್ಲವಾದರೆ ಬೆರಳು ಮುರಿದದ್ದು ಯಾತಕ್ಕೆ?

"ಹೊನ್ನಾಳಿಗೆ ಹೋಗ್ರಿ," ಅಂದ ಮುರುಗೇಶಪ್ಪ. "ಹೊಳೆ ದಂಡೆ ಓಣಿಯಾಗೆ ದ್ಯಾಮಮ್ಮ ಅಂತ ಕಂಚುಗಾರರ ಮುದುಕಿ ಅದಾಳೆ. ಬಾಯಿ ಜೋರು. ಆದ್ರೆ ಕಂಚು ಅವಳಿಗೆ ಸುಳ್ಳು ಹೇಳಾದಿಲ್ಲ."

* * *

ದ್ಯಾಮಮ್ಮ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದಳು. ಗಂಡ ಸತ್ತು ಇಪ್ಪತ್ತು ವರ್ಷ. ಸ್ಟೀಲು ಬಂದ ಮೇಲೆ ಕುಲುಮೆಯೂ ತಣ್ಣಗಾಗಿತ್ತು. ಖಾಕಿ ಬಟ್ಟೆ ಕಂಡು ತಲೆ ಎತ್ತಿದಳು.

"ಯಾರನ್ನ ಹಿಡಿಯಾಕೆ ಬಂದಿಯಪ್ಪಾ ಪೋಲೀಸಪ್ಪ?"

"ಕೇಳಾಕೆ ಬಂದೀನಿ ಅಜ್ಜಿ."

"ಪೋಲೀಸ್ನೋರು ಕೇಳಾಕೂ ಬರ್ತಾರಾ? ಇದು ಹೊಸಾದು!"

ಚೂರುಗಳನ್ನು ಮಡಿಲಿಗೆ ಹಾಕಿಕೊಂಡಳು. ಒಂದೊಂದನ್ನೇ ಹೆಬ್ಬೆರಳಿಂದ ಸವರಿದಳು. ನಡುವಿನ ಚೂರು ಕೈಗೆ ಬಂದಾಗ ಬೆರಳು ನಿಂತಿತು. ಹಿಂಬದಿಯಲ್ಲಿ ಎರಡು ಸುತ್ತು ಗೆರೆಯಿತ್ತು.

"ಇದು ನಮ್ಮ ಮಾವನ ಕೈ," ಅಂದಳು ಮೆಲ್ಲಗೆ. "ಕಂಬದಕಟ್ಟೆ ತೂಬಿಂದಲ್ವಾ? ಮಾಡಿಕೊಟ್ಟಾಗ ನಾನು ಹೊಸಾ ಸೊಸೆ."

"ಅದರ ಮೇಲೆ ಚುಕ್ಕಿ ಇದ್ವಂತೆ. ಇದರ ಮೇಲೆ ಇಲ್ವಲ್ಲ?"

"ಬಿಸಿಲಿಗೆ ಹಿಡಿ. ನೇರ ಅಲ್ಲ. ಓರೆಗೆ ಹಿಡಿ."

ಅಂಚಿನ ಚೂರುಗಳನ್ನು ಜೋಡಿಸಿ, ಇಳಿಬಿಸಿಲಿಗೆ ಓರೆಯಾಗಿ ಹಿಡಿದ. ಕಣ್ಣು ಕಿರಿದು ಮಾಡಿದ. ನುಣುಪಾದ ಲೋಹದ ಮೇಲೆ ಸಣ್ಣ ಸಣ್ಣ ನೆರಳು. ಒಂದು, ಎರಡು, ಮೂರು. ಜಾಗ. ಆಮೇಲೆ ಐದು.

"ಯಾರೋ ಕೆಂಪಗೆ ಕಾಸಿ, ಬಡಿದು, ಚುಕ್ಕಿ ಅಳಿಸ್ಯಾರೆ," ಅಂದಳು ದ್ಯಾಮಮ್ಮ. "ಆದ್ರೆ ಬಡಿದದ್ದಕ್ಕೆ ಮುರಿದಿಲ್ಲ ಇದು. ಬಡಿದ ಮೇಲೆ ಆರಿಸಿದ ರೀತಿಗೆ ಮುರಿದೈತೆ."

"ಆರಿಸಿದ ರೀತಿ ಅಂದ್ರೆ?"

"ಮುರಿದ ಜಾಗ ನೋಡು, ಬೆಳ್ಳನೆ ಕಲ್ಲುಸಕ್ಕರೆ ಕಂಡಂಗೆ ಕಾಣ್ತೈತೆ. ತಾಮ್ರ ಬ್ಯಾರೆ ಇದ್ದಾಗ ಮೆತ್ತಗೆ. ತವರ ಬ್ಯಾರೆ ಇದ್ದಾಗ ಇನ್ನೂ ಮೆತ್ತಗೆ. ಎರಡೂ ಕೂಡಿದ್ರೆ ಹುಟ್ಟೋ ಗುಣವೇ ಬ್ಯಾರೆ. ಗಂಡನದೂ ಅಲ್ಲ, ಹೆಂಡ್ತಿದೂ ಅಲ್ಲ. ಕೆಂಪಗೆ ಕಾದಾಗ ಹೇಳ್ದಂಗೆ ಕೇಳ್ತೈತೆ. ಆ ಗಳಿಗೆಗೇ ನೀರಿಗೆ ಹಾಕಿದ್ರೆ ಅದೇ ಗುಣ ಉಳ್ಕಂತೈತೆ, ಏಟು ತಡೀತೈತೆ. ನಿಧಾನಕ್ಕೆ ಆರಾಕೆ ಬಿಟ್ಯೋ, ಒಳಗೊಳಗೇ ಕಾಳು ಕಟ್ಟಿ ಗಾಜಾಗ್ತೈತೆ."

ನಂಬದವನ ಮುಖ ನೋಡಿ ಅವಳಿಗೆ ಸಿಟ್ಟು ಬಂತು. ಎದ್ದು ಹೋಗಿ ಒಲೆಯ ಕೆಂಡ ಕೆದಕಿದಳು. ಎರಡು ಸಣ್ಣ ಚೂರು ಮುರಿದು ಕೆಂಡಕ್ಕೆ ಹಾಕಿ, ಕೊಳವೆಯಲ್ಲಿ ಊದಲು ಅವನಿಗೇ ಹೇಳಿದಳು. ದಫೇದಾರ ಕಣ್ಣಲ್ಲಿ ನೀರು ಬರುವವರೆಗೆ ಊದಿದ. ಎರಡೂ ಹಣ್ಣು ಮೆಣಸಿನಕಾಯಿಯ ಬಣ್ಣಕ್ಕೆ ಬಂದವು. ಒಂದನ್ನು ತಂಬಿಗೆಯ ನೀರಿಗೆ ಎತ್ತಿ ಹಾಕಿದಳು. ಇನ್ನೊಂದನ್ನು ಬಿಸಿ ಬೂದಿಯಲ್ಲಿ ಹೂತಳು. ಅದು ಆರುವಷ್ಟು ಹೊತ್ತು ಹುಣಸೆಬೀಜ ತೆಗೆದಳು. ಆಮೇಲೆ ಎರಡನ್ನೂ ಗುಂಡುಕಲ್ಲಿನಿಂದ ಕುಟ್ಟಿದಳು. ನೀರಿನದು ಬಾಗಿತು. ಬೂದಿಯದು ಪುಡಿಯಾಯಿತು.

"ಅಜ್ಜಿ, ಕಬ್ಬಿಣಾನೂ ಹಿಂಗೇನಾ?"

"ಅದು ತಿರುವು ಮುರುವು. ನೀರಿಗೆ ಹಾಕಿದ್ರೆ ಬಿರುಸು, ಬೂದಿಯಾಗೆ ಹೂತ್ರೆ ಮೆತ್ತಗೆ."

"ಹಂಗಾದ್ರೆ ಜಾಗಟೆ ಆರಿಸಿದೋನು ಏನೂ ಗೊತ್ತಿಲ್ದೋನು."

"ಅಲ್ಲಪ್ಪಾ! ಏನೂ ಗೊತ್ತಿಲ್ದೋನು ಕೈ ಸುಡ್ತೈತೆ ಅಂತ ಬಕೀಟಿಗೆ ಎಸೀತಿದ್ದ. ಆಗ ಇದು ಉಳೀತಿತ್ತು. ಇದು ಕಬ್ಬಿಣ ಚೆನ್ನಾಗಿ ಬಲ್ಲೋನ ಕೆಲಸ."

ನಾಗೇಂದ್ರಪ್ಪ ಎದ್ದು ನಿಂತ. ಕಂಬದಕಟ್ಟೆಯಲ್ಲಿ ಕಬ್ಬಿಣ ಬಲ್ಲವನು ಒಬ್ಬನೇ. ಕಮ್ಮಾರ ಈರಾಚಾರಿ.

* * *

ಕೈ ಯಾರದೆಂದು ಗೊತ್ತಾಯಿತು. ತಲೆ ಯಾರದು? ಕಮ್ಮಾರನಿಗೆ ಒಂದು ಗುಂಟೆ ಗದ್ದೆಯಿಲ್ಲ. ಚುಕ್ಕಿ ಇದ್ದರೇನು, ಹೋದರೇನು?

ಸೋಮವಾರ ಚನ್ನಗಿರಿಯ ತಾಲ್ಲೂಕು ಕಚೇರಿಗೆ ಹೋದ. ಕೆಳಗಿನ ಬಯಲಿನವರು ನೀರಿನ ಪಾಲಿಗಾಗಿ ತಹಸೀಲ್ದಾರರಿಗೆ ಅರ್ಜಿ ಕೊಟ್ಟಿದ್ದಾರೆಂದು ಏರಿಯ ಮೇಲೆ ಯಾರೋ ಅಂದದ್ದು ನೆನಪಿತ್ತು. ಗುಮಾಸ್ತ ಕಡತ ತೆಗೆದುಕೊಟ್ಟ. ಅದರಲ್ಲಿ ಛೇರ್ಮನ್ ಕಲ್ಲೇಶಪ್ಪನ ಜವಾಬು ಇತ್ತು, ಡಿಸೆಂಬರು ತಿಂಗಳದು. ಎರಡೂ ಬಯಲಿಗೆ ನಾಲ್ಕು ನಾಲ್ಕು ದಿನದ ಪಾಳಿ ಎಂದು ಬರೆದಿದ್ದ. ಕೆಳಗೆ ಇನ್ನೊಂದು ಸಾಲು.

ನಾಗೇಂದ್ರಪ್ಪ ಆ ಸಾಲನ್ನು ಎರಡು ಸಲ ಓದಿದ. ನಕಲು ಬರೆದುಕೊಂಡು ಮೊಹರು ಹಾಕಿಸಿಕೊಂಡ. ಜಾಗಟೆ ನೋಡಲು ತಹಸೀಲ್ದಾರರು ಕಂಬದಕಟ್ಟೆಗೆ ಬರಬೇಕಿದ್ದದ್ದು ಫೆಬ್ರವರಿ ಮೊದಲ ವಾರ.

* * *

ಮಂಗಳವಾರ ಬೆಳಿಗ್ಗೆ ಈರಾಚಾರಿಯ ಕುಲುಮೆಯ ಮುಂದೆ ಊರು ನೆರೆಯಿತು. ದಫೇದಾರ ಸಣ್ಣಪ್ಪನನ್ನೂ ಕರೆತಂದಿದ್ದ. ಓಬವ್ವ ಗಂಡನ ಪಕ್ಕದಲ್ಲಿ ನಿಂತಳು. ಕಲ್ಲೇಶಪ್ಪನಿಗೆ ಯಾರೋ ಕುರ್ಚಿ ತಂದು ಹಾಕಿದರು.

"ಆಚಾರ್ರೆ, ಒಂದು ಸಣ್ಣ ಕೆಲಸ," ಅಂದ ನಾಗೇಂದ್ರಪ್ಪ. "ಇವೆರಡು ಚೂರು ಕೆಂಪಗೆ ಕಾಸ್ರಿ. ಒಂದು ನೀರಿಗೆ ಹಾಕ್ರಿ. ಒಂದು ಬೂದಿಯಾಗೆ ಹೂಳ್ರಿ."

ಈರಾಚಾರಿ ತಿದಿ ಒತ್ತಿದ. ಬೂದಿಯಲ್ಲಿ ಹೂತದ್ದು ಆರುವವರೆಗೆ ಎಲ್ಲರೂ ಎಲೆ ಅಡಿಕೆ ಹಾಕಿದರು.

"ಈಗ ಸುತ್ತಿಗೆಯಾಗೆ ಹೊಡೆದ್ರೆ ಯಾವುದು ಮುರೀತೈತೆ?"

ಕಮ್ಮಾರ ನಕ್ಕ. "ಇದೇನ್ ಕೇಳ್ತೀರಿ ದಫೇದಾರ್ರೆ? ನೀರಿಗೆ ಹಾಕಿದ್ದು ಮುರೀತೈತೆ, ಬೂದಿಯಾಗಿಂದು ಬಾಗ್ತೈತೆ. ನಮ್ಮಪ್ಪ ತಿದಿ ಒತ್ತಾಕೆ ಕೂರಿಸಿದ ದಿನವೇ ಹೇಳ್ಕೊಟ್ಟ ಪಾಠ."

"ಹೊಡೀರಿ."

ನೀರಿನದಕ್ಕೆ ಹೊಡೆದ. ಬಾಗಿತು. ಈರಾಚಾರಿ ಹುಬ್ಬು ಗಂಟಿಕ್ಕಿದ. ಬೂದಿಯದನ್ನು ಅಡಿಗಲ್ಲಿನ ಮೇಲಿಟ್ಟು ಮೆಲ್ಲಗೆ ತಟ್ಟಿದ. ಎರಡಾಯಿತು. ಉಳಿದ ತುಂಡಿಗೆ ತಟ್ಟಿದ. ಅದೂ ಎರಡಾಯಿತು. ಸುತ್ತಿಗೆ ಕೈಯಿಂದ ಜಾರಿತು.

"ಆಗಾದಿಲ್ಲ... ಹಿಂಗಾಗಾದಿಲ್ಲ," ಅಂದ. ಸಣ್ಣಪ್ಪನ ಕೈ ನೋಡಿದ. ನೆಲಕ್ಕೆ ಕುಸಿದು ಕೂತ. "ಮುರೀಬಾರ್ದು ಅಂತಾನೇ ಇಡೀ ದಿನ ಬೂದಿಯಾಗೆ ಹೂತಿದ್ನಲ್ಲೋ ಸಣ್ಣಪ್ಪಾ! ನಾನೇ ಮುರಿದ್ನಲ್ಲೋ!"

"ಯಾರು ತಂದುಕೊಟ್ರು?" ಅಂದ ದಫೇದಾರ.

"ಛೇರ್ಮನ್ನೋರು. ಸಣ್ಣಪ್ಪ ನ್ಯಾಮತಿಗೆ ಹೋದ ದಿನ. ಹಳೇ ಚುಕ್ಕಿ ತೆಗಿ, ಪಂಚಾಯ್ತಿಯಿಂದ ಹೊಸಾದು ಹಾಕುಸ್ತೀವಿ ಅಂದ್ರು. ತೀಡಿ, ಹುಣಸೆಹಣ್ಣಾಗೆ ತಿಕ್ಕಿ ಕೊಟ್ಟೆ. ಮುರೀತು ಅಂದಾಗ, ನಾನು ಮಾಡಿದ್ದು ಮುರಿಯೋ ಮಾತೇ ಇಲ್ಲ, ಆಮೇಲೆ ಯಾರೋ ನಿಜವಾಗ್ಲೂ ಬದ್ಲಾಯಿಸ್ಯಾರೆ ಅಂತ ನಾನೂ ನಂಬಿದೆ. ಇವನ ಮೇಲೆ ಲಾಠಿ ಬಿದ್ದಾಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ."

ಕಲ್ಲೇಶಪ್ಪ ಕುರ್ಚಿಯಿಂದ ಎದ್ದ. "ಆಚಾರಿಗೆ ಹೊಗೆ ತಲೆಗೇರೈತೆ. ನಡೀರಿ ನಡೀರಿ, ಗದ್ದೆ ಕೆಲಸ ಐತೆ."

"ಕೂತ್ಕೊಳ್ರಿ ಛೇರ್ಮನ್ರೆ."

ನಾಗೇಂದ್ರಪ್ಪ ಎರಡು ಕಾಗದ ತೆಗೆದ.

"ಶುಕ್ರವಾರ ನನ್ನ ಕೈಲಿ ಬರೆಸಿದ್ರಿ: 'ನಮ್ಮ ಜಾಗಟೆಯ ಅಂಚಿನಲ್ಲಿ ಎಂಟು ಚುಕ್ಕಿ ಇದ್ದವು, ಇದರಲ್ಲಿಲ್ಲ, ಆದ್ದರಿಂದ ಇದು ಬದಲಿ.' ರುಜು ನಿಮ್ಮದು. ಡಿಸೆಂಬರಿನಾಗೆ ತಹಸೀಲ್ದಾರರಿಗೆ ಬರೆದು ಕೊಟ್ರಿ: 'ಜಾಗಟೆಯ ಮೇಲೆ ಯಾವ ಚುಕ್ಕಿಯೂ ಇಲ್ಲ, ಹಿಂದೆಯೂ ಇರಲಿಲ್ಲ.' ಇದೂ ನಿಮ್ಮ ರುಜು. ಎರಡರಾಗೆ ಯಾವುದು ಸುಳ್ಳು?"

ಕಲ್ಲೇಶಪ್ಪ ಕಾಗದಗಳಿಗೆ ಕೈ ಚಾಚಿದ. ನಾಗೇಂದ್ರಪ್ಪ ಅವನ್ನು ಹಿಂದಕ್ಕೆ ಎಳೆದುಕೊಂಡ.

ಉಳಿದದ್ದನ್ನು ದಫೇದಾರನೇ ಬಿಡಿಸಿ ಹೇಳಿದ. ತಹಸೀಲ್ದಾರರು ಬಂದು ನೋಡುವ ಹೊತ್ತಿಗೆ ಜಾಗಟೆ ಬೋಳಾಗಿರಬೇಕಿತ್ತು. ಕೆಳಗಿನ ಬಯಲಿನ ಒಂದು ದಿನದ ನೀರು ಕಲ್ಲೇಶಪ್ಪನ ಗದ್ದೆಗೆ ತಿರುಗುತ್ತಿತ್ತು. ಮುಂಗಾರಿ ಬೆಳೆ ಕೊಯ್ದು, ತೂಬು ಮುಚ್ಚಿ, ತಿಂಗಳಿಂದ ಜಾಗಟೆಯ ಕಡೆ ಯಾರೂ ನೋಡುತ್ತಿರಲಿಲ್ಲ. ಸಣ್ಣಪ್ಪ ಊರಲ್ಲಿಲ್ಲದ ಎರಡು ದಿನದಲ್ಲಿ ಕೆಲಸ ಮುಗಿಯಿತು. ಅದು ಮುರಿಯುತ್ತದೆಂದು ಕಲ್ಲೇಶಪ್ಪನೂ ಎಣಿಸಿರಲಿಲ್ಲ. ಮುರಿದಾಗ ಗಳಿಗೆಯಲ್ಲೇ ಬುದ್ಧಿ ಓಡಿಸಿದ. ಎರಡು ಬಯಲಿಗೂ ಸೇರದೆ, ಪಾಳಿಯ ಲೆಕ್ಕ ಬಾಯಲ್ಲಿ ಬಲ್ಲ ಸಾಕ್ಷಿ ಸಣ್ಣಪ್ಪ ಒಬ್ಬನೇ. ಅವನನ್ನು ಕಳ್ಳ ಮಾಡಿಬಿಟ್ಟರೆ ಅವನ ಮಾತಿಗೂ ಬೆಲೆಯಿಲ್ಲ.

"ಆಚಾರ್ರೆ ಗಡಿಬಿಡಿಯಿಂದ ನೀರಿಗೆ ಹಾಕಿದ್ರೆ ಜಾಗಟೆ ಉಳೀತಿತ್ತು, ನಿಮ್ಮ ಗುಟ್ಟೂ ಉಳೀತಿತ್ತು," ಅಂದ ದಫೇದಾರ. "ಅವರು ಕೆಲಸ ಶ್ರದ್ಧೆಯಿಂದ ಮಾಡಿದ್ರು."

ಕೆಳಗಿನ ಬಯಲಿನವನೊಬ್ಬ ಕಲ್ಲೇಶಪ್ಪನ ಕುರ್ಚಿ ಎತ್ತಿ ಪಕ್ಕಕ್ಕಿಟ್ಟ. ಸುಳ್ಳು ದೂರು, ಸಾಕ್ಷ್ಯನಾಶ ಎಂದು ಬರೆದುಕೊಂಡು ದಫೇದಾರ ಸಣ್ಣಪ್ಪನನ್ನು ಬಿಟ್ಟು ಕಳಿಸಿದ, ಛೇರ್ಮನ್ನನನ್ನು ಅಂದೇ ಠಾಣೆಗೆ ಕರೆದೊಯ್ದ. ಮುಂದಿನ ವಾರ ತಹಸೀಲ್ದಾರರು ಬಂದು, ಚೂರುಗಳನ್ನು ಬಿಸಿಲಿಗೆ ಓರೆ ಹಿಡಿದು ನೋಡಿ, ಮೂರು ದಿನ ಐದು ದಿನ ಎಂದೇ ಬರೆದು ಹೋದರು.

* * *

ಕಳ್ಳ ಸಿಕ್ಕರೆ ಪತ್ತೇದಾರನಿಗೆ ನಿದ್ದೆ ಬರುತ್ತದೆ ಅನ್ನುತ್ತಾರೆ. ನಾಗೇಂದ್ರಪ್ಪನಿಗೆ ಬರಲಿಲ್ಲ.

ಅವನು ಕಡತ ತೆಗೆದು, ಮೆಟ್ಟಿಲು ಜಾರಿದ ಸಾಲಿನ ಕೆಳಗೆ ಬರೆದ: "ಮೇಲಿನ ಮಾತು ಸುಳ್ಳು. ಬೆರಳು ಮುರಿದದ್ದು ನನ್ನ ಲಾಠಿಯಿಂದ." ರುಜು ಹಾಕಿ ಸಬ್‌ಇನ್‌ಸ್ಪೆಕ್ಟರಿಗೆ ಕೊಟ್ಟ. ಅವರು ಓದಿದರು. ಮುಖ ನೋಡಿದರು.

"ಹೆಂಡ್ತಿ ಮಕ್ಕಳು ಇಲ್ವೇನಯ್ಯಾ ನಿಂಗೆ?" ಅಂದರು. ಕಾಗದವನ್ನು ಮೇಜಿನ ಖಾನೆಗೆ ಹಾಕಿ ಬೀಗ ತಿರುಗಿಸಿದರು. ಅದು ಹೊರಗೆ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಬರಲಿ ಎಂದು ನಾಗೇಂದ್ರಪ್ಪ ಎರಡನೇ ಸಲ ಕೇಳಲಿಲ್ಲ. ಆ ಕೇಳದಿದ್ದದ್ದೂ ಅವನ ಲೆಕ್ಕಕ್ಕೆ ಸೇರಿತು.

ಊರಿನವರು ಸಣ್ಣಪ್ಪನ ಮನೆಗೆ ಹೋಗಿ ಕೈ ಮುಗಿದರು. ಆಯ ಒಂದಕ್ಕೆರಡು ಕೊಡುತ್ತೇವೆಂದರು. ಹೊಸ ಜಾಗಟೆ ಮಾಡಿಸುತ್ತೇವೆಂದರು. ಸಣ್ಣಪ್ಪ ಎಲ್ಲವನ್ನೂ ಕೇಳಿಸಿಕೊಂಡ. ಕೈ ತೋರಿಸಿದ. ಎರಡು ಬೆರಳು ಸೊಟ್ಟಗೆ ಕೂಡಿಕೊಳ್ಳುತ್ತಿದ್ದವು. ತೂಬಿನ ಹಲಗೆ ಎತ್ತಲು ಹಿಡಿತ ಬಾರದು.

"ಕೈ ಹೋಗ್ಲಿ ಬಿಡ್ರಿ," ಅಂದ. "ನಲವತ್ತು ಜನ ನಿಂತಿದ್ರಿ ಅವತ್ತು. ಎಲ್ಲರ ಗದ್ದೆಗೂ ನೀರು ಬಿಟ್ಟೋನು ನಾನು. ಒಬ್ಬರಾದ್ರೂ, ಇವನು ಅಂಥೋನಲ್ಲ ಅಂದ್ರಾ?"

ಬಂದವರು ಒಬ್ಬೊಬ್ಬರಾಗಿ ಎದ್ದು ಹೋದರು.

ಜಗಳೂರಿನ ಕಡೆ ಮಗಳ ಮನೆ ಇತ್ತು. ಅಲ್ಲಿಗೆ ಹೊರಟರು. ಸುದ್ದಿ ತಿಳಿದು ನಾಗೇಂದ್ರಪ್ಪ ಖಾಕಿ ಬಿಚ್ಚಿಟ್ಟು, ಪಂಚೆ ಉಟ್ಟು ಬಸ್ಸು ನಿಲ್ಲುವ ಕಟ್ಟೆಗೆ ಬಂದ. ಈರಾಚಾರಿ ಅವರ ಟ್ರಂಕು ಹೊತ್ತು ಮೊದಲೇ ಬಂದಿದ್ದ. ನೆಲದ ಮೇಲಿನ್ನೂ ಒಂದು ಗಂಟು ಇತ್ತು. ದಫೇದಾರ ಅದನ್ನೆತ್ತಲು ಬಗ್ಗಿದ.

"ಬ್ಯಾಡ ಸ್ವಾಮಿ, ಇರಲಿ," ಅಂದಳು ಓಬವ್ವ.

"ಆಚಾರ್ರಿಗೆ ಹೊರಾಕೆ ಬಿಟ್ಟೆಯಲ್ಲವ್ವಾ."

"ಅವನು ಗೊತ್ತಿಲ್ದೆ ಮಾಡ್ದ. ಬಾಯಿ ಬಿಡದಿದ್ದಕ್ಕೆ ನನ್ನ ಹತ್ರ ಬೈಸ್ಕಂಡ, ಅತ್ತ, ಮುಗೀತು. ನೀವು ಗೊತ್ತಿಲ್ದೇನೂ ಮಾಡಿದ್ರಿ, ಕೇಳ್ದೇನೂ ಮಾಡಿದ್ರಿ. ಒಂದು ದಿನ ತಡೆದಿದ್ರೆ ಹೊನ್ನಾಳಿ ಮುದುಕಿ ಅವತ್ತೂ ಅದನ್ನೇ ಹೇಳ್ತಿದ್ಲು."

ನಾಗೇಂದ್ರಪ್ಪ ಸಣ್ಣಪ್ಪನ ಕಡೆ ನೋಡಿದ. ಸಣ್ಣಪ್ಪ ಬೈಯಲಿಲ್ಲ, ಕ್ಷಮಿಸಿದೆ ಎಂದೂ ಅನ್ನಲಿಲ್ಲ. ಬಸ್ಸು ಬಂತು. ಎಡಗೈಯಲ್ಲಿ ಸರಳು ಹಿಡಿದು ಹತ್ತಿದ. ಅಭ್ಯಾಸವಿಲ್ಲದ ಕೈ, ಎರಡು ಸಲ ಜಾರಿತು. ಹಿಂದಿನಿಂದ ಓಬವ್ವ ಒತ್ತು ಕೊಟ್ಟಳು. ದಫೇದಾರ ಕೈ ಕಟ್ಟಿಕೊಂಡು ನಿಂತೇ ಇದ್ದ.

ಸಣ್ಣಪ್ಪನೂ ಓಬವ್ವನೂ ಕಂಬದಕಟ್ಟೆ ಬಿಟ್ಟು ಹೋದದ್ದು ಮಾಘ ಶುದ್ಧ ಪಂಚಮಿ, ಭಾನುವಾರ.